ಸುಮ್ನೆ ಮನೇಲಿ ಕೂತೋರು ಯಾರು?

ಡಿಗ್ರಿ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತೇನೆ. ಐಡಿಯಾಲಜಿ (ನಮ್ಮ ಯೋಚನೆಯನ್ನು ನಡೆಸುವ ನಂಬಿಕೆಗಳ ಚೌಕಟ್ಟು) ಅಂದ ಕೂಡಲೇ ಹುಡುಗರಿಗೆ ಪಕ್ಷ, ಬಾವುಟ ನೆನಪಾಗುತ್ತದೆ. ಹಾಗಾಗಿ ಆ ಪದವನ್ನು ನಾನು ಮೊದಲೇ ಎತ್ತುವುದಿಲ್ಲ. ಅವರೇ ಆಡುವ ಒಂದು ಮಾತನ್ನು ಬೋರ್ಡಿನ ಮೇಲೆ ಬರೆಯುತ್ತೇನೆ: 'ಗೃಹಲಕ್ಷ್ಮಿ ಅಂದ್ರೆ ಸುಮ್ನೆ ಮನೇಲಿ ಕೂತೋರಿಗೆ ತಿಂಗಳಿಗೆ 2,000 ರೂಪಾಯಿ.'

ಈ ಮಾತು ಯಾವ ನಂಬಿಕೆಯ ಮೇಲೆ ನಿಂತಿದೆ? ಅದನ್ನು ಹುಡುಕಿ ಬರೆಯಬೇಕು, ಅಷ್ಟೇ. ಅರಿಸ್ಟಾಟಲ್ ಕಾಲದ ಹಳೇ ಅಭ್ಯಾಸ ಇದು. ಶುರುವಿನಲ್ಲಿ ಯೋಜನೆ ಬೇಕೋ ಬೇಡವೋ ಅಂತಲೇ ಜಗಳ. ಆ ದುಡ್ಡು ಪಡೆಯುವವರಲ್ಲಿ ಕೂಲಿಗೆ ಹೋಗುವವರೂ ಇದ್ದಾರೆ ಅಂತ ಯಾರಾದರೂ ನೆನಪಿಸುತ್ತಾರೆ. ಆಮೇಲೆ ಬೋರ್ಡಿಗೆ ಎರಡನೇ ಸಾಲು ಬರುತ್ತದೆ: 'ಸಂಬಳ ಬಂದರೆ ಮಾತ್ರ ಅದು ಕೆಲಸ.'

"ಹೋಟೆಲ್‌ನಲ್ಲಿ ದೋಸೆ ಹುಯ್ಯೋದು ಕೆಲಸವಾ?"

"ಹೌದು ಸಾರ್."

"ಅದೇ ದೋಸೆ ನಿಮ್ಮಮ್ಮ ಹುಯ್ದರೆ?"

"ಅಮ್ಮ ಪ್ರೀತಿಯಿಂದ ಮಾಡ್ತಾರೆ ಸಾರ್."

ಪ್ರತಿ ವರ್ಷವೂ ಇದೇ ಉತ್ತರ. ಪಾಠ ಮಾಡೋದು ಅಂದ್ರೆ ನನಗೂ ಪ್ರೀತಿಯೇ, ಆದರೂ ಒಂದನೇ ತಾರೀಕು ಸಂಬಳ ಬರುತ್ತದಲ್ವಾ ಅನ್ನುತ್ತೇನೆ. ಅಮ್ಮನ ಪ್ರೀತಿ ನಿಜ. ಪ್ರೀತಿ ಇದ್ದ ಕಡೆ ಲೆಕ್ಕ ಕೇಳಬಾರದು ಅಂತ ಕಲಿಸಿದವರು ಯಾರು? ಅದರಿಂದ ಯಾರಿಗೆ ಅನುಕೂಲ?

ಅಂಕಿಅಂಶ ಆಮೇಲೆ. 2019ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ನಮ್ಮ ಜನಗಣತಿಯೋ, ಮನೆಗೆಲಸ ಮಾತ್ರ ಮಾಡುವವರನ್ನು ಪಿಂಚಣಿದಾರರ, ಭಿಕ್ಷುಕರ ಜೊತೆ 'ಕೆಲಸ ಮಾಡದವರ' ಪಟ್ಟಿಗೆ ಸೇರಿಸುತ್ತದೆ. ಬೋರ್ಡಿನ ಎರಡನೇ ಸಾಲು ಸರ್ಕಾರಿ ಫಾರಂನಲ್ಲೂ ಕೂತಿದೆ ಅಂತ ಗೊತ್ತಾದಾಗ ಹುಡುಗರು ಹುಷಾರಾಗುತ್ತಾರೆ. ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಂಶಿಯ ಹೆಸರು ತೆಗೆಯೋದು ಆಗಲೇ. ಮುಸೊಲಿನಿಯ ಜೈಲಿನಲ್ಲಿ ಕೂತು ಆತ ಬರೆದದ್ದು ಇಂಥ ಕಾಮನ್ ಸೆನ್ಸ್ ಬಗ್ಗೆಯೇ: ಯಾರಿಂದ ಬಂತು ಅಂತ ಕೇಳದೆ ನಾವು ಒಪ್ಪಿಕೊಂಡು ಬಂದ ನಂಬಿಕೆಗಳ ಕಂತೆ.

ಹಾಗಂತ ಯೋಜನೆ ಸರಿ ಅಂತ ಸಾಬೀತಾಗಲಿಲ್ಲ. ಅಷ್ಟು ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆ ಹಾಗೇ ಇರುತ್ತದೆ. ಯೋಜನೆಯ ಪರ ಇರುವವರು ಗೆದ್ದೆವು ಅಂತ ಬೀಗುವಾಗ ಅವರ ಮಾತನ್ನೂ ಬರೆಯುತ್ತೇನೆ: 'ಮನೆ ನಡೆಸೋಳು ಹೆಂಗಸು, ಅದಕ್ಕೇ ದುಡ್ಡು ಅವಳ ಖಾತೆಗೆ ಹೋಗಬೇಕು.' ಇದರ ಕೆಳಗಿನ ಸಾಲು ಹುಡುಕೋಕೆ ಜಾಸ್ತಿ ಹೊತ್ತು ಬೇಕು. ಮನೆ ನಡೆಸೋದು ಹೆಂಗಸಿನ ಕೆಲಸ ಅನ್ನುವುದರಲ್ಲಿ ಯೋಜನೆ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಜಗಳವೇ ಇಲ್ಲ.