ಹನ್ನೊಂದು ಗಡಿಯಾರ, ಮೂರು ಬೀಳ್ಕೊಡುಗೆ

ಹತ್ತನೇ ತರಗತಿ ಮಕ್ಕಳು ಶಾಲೆ ಬಿಡುವಾಗ ಚಂದಾ ಎತ್ತಿ ಶಾಲೆಗೆ ಏನಾದರೂ ಕೊಡುತ್ತಾರೆ. ನಮ್ಮ ಶಾಲೆಯಲ್ಲಿ ಆ ಏನಾದರೂ ಅಂದರೆ ಗೋಡೆ ಗಡಿಯಾರ. ಸ್ಟಾಫ್ ರೂಮು, ಆಫೀಸು, ಲ್ಯಾಬು ಎಲ್ಲ ಸೇರಿ ಹನ್ನೊಂದು ಇವೆ. ಓಡುತ್ತಿರುವುದು ಮೂರು. ಆ ಮೂರೂ ಮೂರು ಟೈಮ್ ತೋರಿಸುತ್ತವೆ.

ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕನ್ನಡ ಮೇಡಂ ಅಂದಮೇಲೆ ಸ್ವಾಗತ, ನಿರೂಪಣೆ, ಅಭಿನಂದನಾ ಪತ್ರ, ವಾರ್ಷಿಕ ವರದಿ ಎಲ್ಲ ನಮ್ಮ ತಲೆಗೇ ಬರುತ್ತದೆ. ವರ್ಷದ ಕೊನೆಗೆ ನಾಲ್ಕು ಪುಟದ ಒಂದು ಶಾಲಾ ಸುದ್ದಿಯನ್ನೂ ತರುತ್ತೇನೆ. ಎ3 ಹಾಳೆ, ಎರಡೂ ಕಡೆ ಪ್ರಿಂಟು, ನಡುವೆ ಒಂದು ಮಡಿಕೆ. 2025ರ ಏಪ್ರಿಲ್‌ನಲ್ಲಿ ಇದರ ಜೊತೆ ಮೂರು ಜನರ ಬೀಳ್ಕೊಡುಗೆಯೂ ಬಂತು. ಅದನ್ನು ಹೇಗೆ ಮಾಡಿದೆವು ಅಂತ ಹೇಳುತ್ತೇನೆ. ಬೇರೆ ಶಾಲೆಯವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ನನ್ನದೇ ಒಂದು ಪೇಚಾಟ. ಅದಕ್ಕೂ ಎರಡು ವರ್ಷ ಹಿಂದೆ ನಮ್ಮ ಇಂಗ್ಲಿಷ್ ಮೇಡಂ ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕಿದ್ದರು. ಗಂಡ ಬೇರೆ ಊರಲ್ಲಿ, ಸರ್ವೀಸೂ ಜಾಸ್ತಿ. ಸಿಕ್ಕೇ ಸಿಗುತ್ತೆ ಅಂತ ಎಲ್ಲರೂ ಅಂದರು. ನಾನು ಶಾಲಾ ಸುದ್ದಿಯಲ್ಲಿ ಅರ್ಧ ಪುಟ ಬರೆದೆ, ಮೇಲೆ 'ಹೋಗಿ ಬನ್ನಿ ಮೇಡಂ' ಅಂತ ದಪ್ಪ ಅಕ್ಷರ. ಶಾಲು ಹೊದಿಸಿದೆವು, ಫೋಟೋ ತೆಗೆದೆವು, ಇಬ್ಬರು ಹುಡುಗಿಯರು ಅತ್ತರು. ಬೇಸಿಗೆಯಲ್ಲಿ ಕೌನ್ಸೆಲಿಂಗ್ ಆಯಿತು, ಅಂದರೆ ನಂಬರಿನ ಪ್ರಕಾರ ಕರೆದು ಜಾಗ ಆರಿಸಿಕೊಳ್ಳಿ ಅನ್ನುವುದು. ಅವರು ಕೇಳಿದ ಜಾಗ ಅವರಿಗಿಂತ ಮೇಲಿನ ನಂಬರಿನವರಿಗೆ ಹೋಯಿತು. ಶಾಲೆ ಶುರುವಾದ ದಿನ ಒಂಬತ್ತೂವರೆಗೆ ಅದೇ ಬಸ್ಸಿನಿಂದ ಇಳಿದರು. ಮಕ್ಕಳು ಹೋ ಅಂತ ಕೂಗಿದರು. ಅವರು ನೇರ ನನ್ನ ಹತ್ತಿರ ಬಂದು, "ಶಾಲು ವಾಪಸ್ ಕೊಡಬೇಕೇನಮ್ಮಾ?" ಅಂದರು. ಅವತ್ತೇ ತೀರ್ಮಾನ ಮಾಡಿದೆ, ಆರ್ಡರ್ ಕೈಗೆ ಬರುವವರೆಗೆ ಯಾರನ್ನೂ ಸುದ್ದಿಯಲ್ಲಿ ಕಳಿಸಬಾರದು.

ಆ ನಿಯಮ ಎರಡು ವರ್ಷ ಚೆನ್ನಾಗಿಯೇ ನಡೆಯಿತು. 2025ರಲ್ಲಿ ಕೈಕೊಟ್ಟಿತು.

ಆ ವರ್ಷ ಹೋಗುವವರಲ್ಲಿ ಮೊದಲನೆಯವರು ಹೆಡ್ಮಾಸ್ಟರು. ಅವರದು ಪಕ್ಕಾ ಲೆಕ್ಕ. ರೆಕಾರ್ಡಿನಲ್ಲಿ ಜನ್ಮದಿನ 1965ರ ಜೂನ್ 1. ಆ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಹಾಗಾಗಿ ನಮ್ಮ ಇಲಾಖೆಯಲ್ಲಿ ಜೂನ್ 1ಕ್ಕೆ ಹುಟ್ಟಿದವರು ಬೇಕಾದಷ್ಟು ಜನ ಸಿಗುತ್ತಾರೆ. 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನವೇ. ಅಂದರೆ ನಮ್ಮ ಸಾರ್ ಮೇ 31ಕ್ಕೆ ಹೋಗಬೇಕು. ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ. ಮೇ ಕೊನೆಯಲ್ಲಿ ಬೀಳ್ಕೊಡುಗೆ ಇಟ್ಟರೆ ಹತ್ತನೇ ತರಗತಿಯವರು ಇರುವುದಿಲ್ಲ, ಹೊಸದಾಗಿ ಎಂಟನೇ ತರಗತಿಗೆ ಸೇರಿದವರಿಗೆ ಸಾರ್ ಯಾರು ಅಂತಲೇ ಗೊತ್ತಿರುವುದಿಲ್ಲ.

ಎರಡನೆಯವರು ಗಣಿತದ ಅತಿಥಿ ಶಿಕ್ಷಕಿ. ಚಿಂತಾಮಣಿ ಕಡೆಯಿಂದ ಎರಡು ಬಸ್ ಬದಲಾಯಿಸಿ ಬರುತ್ತಿದ್ದ ಹುಡುಗಿ. ಆಗ ತಿಂಗಳಿಗೆ 10,500 ರೂಪಾಯಿ ಗೌರವಧನ, ಅದೂ ತಿಂಗಳುಗಟ್ಟಲೆ ತಡವಾಗಿ. ಶಾಲೆ ಮುಚ್ಚಿದರೆ ಅವರ ಕೆಲಸವೂ ಮುಗಿಯಿತು. ಹೋಗಿ ಅಂತ ಯಾವ ಆರ್ಡರೂ ಬರುವುದಿಲ್ಲ. ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ, ಕರೆದರೂ ಇದೇ ಶಾಲೆಗೋ ಬೇರೆಗೋ, ಅದೂ ಗೊತ್ತಿರುವುದಿಲ್ಲ.

ಮೂರನೆಯವರು ಬಿಸಿಯೂಟದ ಅಡುಗೆಯವರು. ಮಕ್ಕಳಿಗೆಲ್ಲ ಅಜ್ಜಿ, ನಮಗೆ ಅಮ್ಮ. ನಾನು ಈ ಶಾಲೆಗೆ ಬರುವ ಎಷ್ಟೋ ವರ್ಷ ಮೊದಲಿಂದ ಒಲೆ ಮುಂದೆ ಇದ್ದವರು. 60 ಆಯಿತು, ಬಿಡಬೇಕು ಅಂತ ಹೇಳಿದ್ದೂ ಬಾಯಿ ಮಾತಿನಲ್ಲಿ.

ಆರ್ಡರ್ ಇಲ್ಲದೆ ಸುದ್ದಿ ಹಾಕಲ್ಲ ಅಂತ ನಾನು ಕೂತರೆ ಇವರಿಬ್ಬರ ಹೆಸರು ಎಲ್ಲಿಯೂ ಬರುವುದಿಲ್ಲ ಅಲ್ವಾ. ಹಿಂದಿನ ಎರಡು ವರ್ಷದ ಶಾಲಾ ಸುದ್ದಿ ತೆಗೆದು ನೋಡಿದೆ. ಆ ಅವಧಿಯಲ್ಲಿ ಬಂದು ಹೋದ ನಾಲ್ಕು ಜನ ಅತಿಥಿ ಶಿಕ್ಷಕರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಬರೆದವಳು ನಾನೇ.

ದಿನ ಗೊತ್ತು ಮಾಡುವುದೇ ದೊಡ್ಡ ತಲೆನೋವು. ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1. ನಾವೆಲ್ಲ ಬೇರೆ ಬೇರೆ ಕೇಂದ್ರಗಳಲ್ಲಿ ಕೊಠಡಿ ಮೇಲ್ವಿಚಾರಕರು. ನಡುವೆ ಯುಗಾದಿ, ರಂಜಾನ್. ಪರೀಕ್ಷೆ ಮುಗಿದ ಮೇಲೆ ಮೌಲ್ಯಮಾಪನಕ್ಕೆ ಕರೆ. ಸಿಕ್ಕಿದ್ದು ಏಪ್ರಿಲ್ 9, ಬುಧವಾರ ಒಂದೇ. ಆದರೆ ಅದರಿಂದ ಒಂದು ಒಳ್ಳೆಯದಾಯಿತು. ಪರೀಕ್ಷೆ ಮುಗಿಸಿದ ಹತ್ತನೇ ತರಗತಿ ಮಕ್ಕಳು ಭಾರ ಇಳಿಸಿ ಬಂದರು. ಪರೀಕ್ಷೆಗೆ ಮೊದಲು ಮಾಡುವ ಬೀಳ್ಕೊಡುಗೆಯಲ್ಲಿ ಅವರ ಮುಖ ನೋಡಲಾಗುವುದಿಲ್ಲ, ಕೈಯಲ್ಲಿ ಲಡ್ಡು, ತಲೆಯಲ್ಲಿ ವಿಜ್ಞಾನದ ಚಿತ್ರ.

ಸುದ್ದಿ ಸೇರಿಸುವುದಕ್ಕೆ ನಾನು ಬಳಸುವುದು ಸೀಮೆಸುಣ್ಣದ ಖಾಲಿ ಡಬ್ಬ. ಜೂನ್‌ನಲ್ಲೇ ಸ್ಟಾಫ್ ರೂಮಿನ ಕಿಟಕಿಯಲ್ಲಿ ಇಡುತ್ತೇನೆ. ಪ್ರತಿಭಾ ಕಾರಂಜಿಯಲ್ಲಿ ಯಾರಿಗೆ ಬಹುಮಾನ, ಹೋಬಳಿ ಕ್ರೀಡಾಕೂಟದಲ್ಲಿ ಖೋಖೋ ತಂಡ ಎಲ್ಲಿಯವರೆಗೆ ಹೋಯಿತು, ಯಾವಾಗ ಬೋರ್‌ವೆಲ್ ಕೆಟ್ಟಿತು, ಎಲ್ಲ ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಡಬ್ಬಕ್ಕೆ. ಮಾರ್ಚ್‌ನಲ್ಲಿ ನೆನಪಿಸಿಕೊಂಡು ಬರೆಯಲು ಕೂತರೆ ಜನವರಿಯಿಂದ ಈಚೆಗಿನದು ಮಾತ್ರ ನೆನಪಿಗೆ ಬರುತ್ತದೆ. ಒಂಬತ್ತನೇ ತರಗತಿಯ ಇಬ್ಬರಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಬಂದಿತ್ತು, ವರ್ಷಕ್ಕೆ 12,000 ರೂಪಾಯಿ, ದ್ವಿತೀಯ ಪಿಯುಸಿ ತನಕ. ಡಬ್ಬದಲ್ಲಿ ಆ ಚೀಟಿ ಇಲ್ಲದಿದ್ದರೆ ನಾನು ಮರೆತೇ ಬಿಡುತ್ತಿದ್ದೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ್ದು ಬೇರೆಯೇ ಕಥೆ. ಹಾಳೆ ಏಪ್ರಿಲ್‌ನಲ್ಲಿ ಪ್ರಿಂಟು, ಫಲಿತಾಂಶ ಮೇ ತಿಂಗಳಲ್ಲಿ. ಅದಕ್ಕೆ ಕೊನೆಯ ಪುಟದಲ್ಲಿ ಒಂದು ಖಾಲಿ ಚೌಕ ಬಿಟ್ಟೆ. ಮೇ 2ಕ್ಕೆ ಫಲಿತಾಂಶ ಬಂದ ಮೇಲೆ ಚಿಕ್ಕ ಚೀಟಿ ಪ್ರಿಂಟ್ ಮಾಡಿಸಿ ಆಫೀಸಿನ ಪ್ರತಿ, ಗ್ರಂಥಾಲಯದ ಪ್ರತಿಗಳಿಗೆ ಅಂಟಿಸಿದೆ. ಮೊದಲ ಮೂರು ಸ್ಥಾನ ಬರೆದೆ. ಪಾಸಾಗದೆ ಪರೀಕ್ಷೆ-2 ಬರೆಯಬೇಕಾದವರ ಹೆಸರು ಎಲ್ಲಿಯೂ ಬರೆಯಲಿಲ್ಲ, ಎಷ್ಟು ಜನ ಅಂತಲೂ ಹಾಕಲಿಲ್ಲ. ಊರಲ್ಲಿ ಅದು ಹೇಗೂ ಗೊತ್ತಾಗುತ್ತದೆ, ನಾನು ಪ್ರಿಂಟ್ ಮಾಡಿಸಿ ಹಂಚಬೇಕಾಗಿಲ್ಲ.

ಪ್ರಿಂಟಿನ ಬಗ್ಗೆ ಒಂದು ಮಾತು, ಯಾಕಂದರೆ ಇದರಲ್ಲಿ ನಾನು ಮೂರು ಸಂಜೆ ಕಳೆದುಕೊಂಡಿದ್ದೇನೆ. ಪ್ರೆಸ್‌ನವರ ಹತ್ತಿರ ಹಳೆಯ ಪೇಜ್‌ಮೇಕರ್, ಹಳೆಯ ನುಡಿ ಫಾಂಟು. ಹಿಂದಿನ ವರ್ಷದ ಫೈಲನ್ನು ಅವರಿಂದ ತಂದು, ಯೂನಿಕೋಡ್‌ಗೆ, ಅಂದರೆ ಈಗಿನ ಫೋನು, ಕಂಪ್ಯೂಟರು ಎಲ್ಲ ಓದುವ ಅಕ್ಷರಕ್ಕೆ, ಬದಲಾಯಿಸಿ ಮನೆಯಲ್ಲಿ ತಿದ್ದೋಣ ಅಂತ ಹೋದೆ. ಅರ್ಕಾವತ್ತು ಇದ್ದಲ್ಲೆಲ್ಲ ಎಡವಟ್ಟು. 'ವರ್ಷ' ಹೋಗಿ 'ವಷರ್' ಆಗಿತ್ತು, 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ'. ಒಂದನ್ನು ತಿದ್ದಿದರೆ ಇನ್ನೊಂದು ಕಾಣುತ್ತದೆ. ಕೊನೆಗೆ ಹಳೆಯದನ್ನು ಬಿಟ್ಟು ಹೊಸದಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ. ಪಿಡಿಎಫ್‌ನಲ್ಲಿ ಅಕ್ಷರ ಅಲುಗಾಡುವುದಿಲ್ಲ. ಇಷ್ಟು ಸಣ್ಣ ವಿಷಯ ಯಾರಾದರೂ ಮೊದಲೇ ಹೇಳಬಾರದಿತ್ತಾ!

ಇನ್ನು ಸಾರ್ ಬಗ್ಗೆ ಬರೆಯುವುದು. ನಿವೃತ್ತಿಯ ಅಭಿನಂದನಾ ಪತ್ರ ಅಂದರೆ ಒಂದು ಅಚ್ಚು ಇದೆ. ಸರಳ, ಸಜ್ಜನ, ಶಿಸ್ತಿನ ಸಿಪಾಯಿ, ಮಕ್ಕಳ ಪಾಲಿನ ದೇವರು. ಹೆಸರು ಬದಲಾಯಿಸಿದರೆ ಯಾರಿಗೆ ಬೇಕಾದರೂ ಕೊಡಬಹುದು. ನಾನೇ ಅಂಥ ಏಳೆಂಟು ಬರೆದಿದ್ದೇನೆ. ಈ ಸಲ ಬೇರೆ ರೀತಿ ಮಾಡಿದೆ. ಸಾರ್ ಒಪ್ಪಿಗೆ ತಗೊಂಡು ಅವರ ಸೇವಾ ಪುಸ್ತಕ ನೋಡಿದೆ. 1994ರಿಂದ ಎಲ್ಲೆಲ್ಲಿ ಕೆಲಸ ಮಾಡಿದರು, ಎಷ್ಟು ದಿನ, ಎಲ್ಲ ಅದರಲ್ಲಿತ್ತು. ಮೊದಲು ಬಾಗೇಪಲ್ಲಿ ತಾಲ್ಲೂಕು, ಆಮೇಲೆ ಮುಳಬಾಗಿಲು, ಕೊನೆಗೆ ಇಲ್ಲಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದಾಗ ಸಾರ್ ಬಾಗೇಪಲ್ಲಿಯಲ್ಲೇ ಇದ್ದರು. "ಕೋಲಾರ ಜಿಲ್ಲೆ ಮೇಷ್ಟ್ರಾಗಿ ಮಲಗಿದೆ, ಎದ್ದಾಗ ಬೇರೆ ಜಿಲ್ಲೆ. ಕುರ್ಚಿ ಮಾತ್ರ ಅದೇ, ಕಾಲು ಮುರಿದಿದ್ದು," ಅಂದರು. ಅದನ್ನು ಹಾಗೇ ಹಾಕಿದೆ.

ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟೆ. ಸಾರ್ ಬಗ್ಗೆ ಒಂದೇ ವಾಕ್ಯ, ನೀವೇ ಕಣ್ಣಾರೆ ನೋಡಿದ್ದು. 'ಒಳ್ಳೆಯವರು' ಅನ್ನುವ ಪದ ಬರೆಯಬಾರದು. ಮೊದಲು ಪೆನ್ನು ಕಚ್ಚಿಕೊಂಡು ಕೂತರು. ಆಮೇಲೆ ಬಂದವು ನೋಡಿ. "ಸಾರ್ ಅಂಗಿ ಜೇಬಿನ ಕೆಳಗೆ ಯಾವಾಗಲೂ ಬೆಳ್ಳಗಿರುತ್ತೆ, ಒಳಗೆ ಸೀಮೆಸುಣ್ಣದ ತುಂಡು ಇಟ್ಟುಕೊಳ್ತಾರೆ." "ಟೊಮೆಟೊ ಕೀಳುವ ದಿನ ಲೇಟಾಗಿ ಬಂದ್ರೆ ಬೈಯಲ್ಲ, ಬಾಕ್ಸ್ ಎಷ್ಟಕ್ಕೆ ಹೋಯ್ತು ಅಂತ ಕೇಳ್ತಾರೆ." "ನಮ್ಮಪ್ಪ ಟಿಸಿ ಕೇಳೋಕೆ ಬಂದಾಗ ಟೀ ಕುಡಿಸಿ ವಾಪಸ್ ಕಳಿಸಿದ್ರು, ನಾನು ಈಗ ಹತ್ತನೇ ಕ್ಲಾಸು." ಈ ಕೊನೆಯದನ್ನು ಬರೆದ ಹುಡುಗಿಯ ಹೆಸರು ಹಾಕಲಿಲ್ಲ. ಉಳಿದಂತೆ ಆಯ್ದ ಇಪ್ಪತ್ತು ವಾಕ್ಯ ಎರಡನೇ ಪುಟ ತುಂಬಿತು. ನಾನು ಬರೆಯಬೇಕಾಗಿದ್ದು ತಲೆಬರಹ ಮಾತ್ರ.

ಗಣಿತದ ಮೇಡಂಗೆ ಏನು ಕೊಡುವುದು ಅಂತ ಸ್ಟಾಫ್ ಮೀಟಿಂಗಿನಲ್ಲಿ ಮಾತಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಅಂದರು. ನಾನು ಸುಮ್ನೆ ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಬೇಡ ಬೇಡ ಅಂದು, ಆಮೇಲೆ ಮೆಲ್ಲಗೆ, "ಎರಡು ವರ್ಷ ಪಾಠ ಮಾಡಿದ್ದಕ್ಕೆ ಒಂದು ಸರ್ಟಿಫಿಕೇಟ್ ಸಿಗುತ್ತಾ ಮೇಡಂ? ಸಾರ್ ಹೋದಮೇಲೆ ಯಾರ ಹತ್ತಿರ ಕೇಳಲಿ?" ಅಂದರು. ನಾಚಿಕೆಯಾಯಿತು ನನಗೆ. ಶಾಲೆಯ ಲೆಟರ್‌ಹೆಡ್‌ನಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ತರಗತಿ, ಯಾವ ವಿಷಯ ಎಲ್ಲ ಬರೆದು, ಸಾರ್ ಸಹಿ, ಸೀಲು ಹಾಕಿಸಿ ಮೂರು ಪ್ರತಿ ತೆಗೆಸಿದೆವು. ವೇದಿಕೆ ಮೇಲೆ ಅದನ್ನೇ ಕೊಟ್ಟೆವು. ಅತಿಥಿ ಶಿಕ್ಷಕರು ಇರುವ ಶಾಲೆಯವರು ಇದನ್ನು ಖಂಡಿತ ಮಾಡಿ, ಹೆಡ್ಮಾಸ್ಟರು ಬದಲಾಗುವ ಮೊದಲೇ ಮಾಡಿ. ಆಮೇಲೆ ಬಂದವರು ಹಾಜರಿ ಪುಸ್ತಕ ಹುಡುಕುತ್ತಾ ಕೂರಬೇಕು.

ಏಪ್ರಿಲ್ 9ರ ಕಾರ್ಯಕ್ರಮದ ಬಗ್ಗೆ ಹೇಳುವುದು ಕಡಿಮೆ. ಮಾಮೂಲಿನಂತೆ ಮೈಕು ಕೀರಲು ಸದ್ದು ಮಾಡಿತು. ಮಾಮೂಲಿನಂತೆ ಒಬ್ಬರು ಎರಡು ಮಾತು ಅಂತ ಶುರು ಮಾಡಿ ನಲವತ್ತು ನಿಮಿಷ ಮಾತಾಡಿದರು. ಸಾರ್ ಫ್ಲೆಕ್ಸ್ ಬೇಡ ಅಂದಿದ್ದಕ್ಕೆ ಡ್ರಾಯಿಂಗ್ ಮೇಷ್ಟ್ರು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಹೆಸರು ಬರೆದರು, ಅದೇ ಚೆನ್ನಾಗಿತ್ತು. ಸಾರ್ ತಲೆಗೆ ಮೈಸೂರು ಪೇಟ ಸ್ವಲ್ಪ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯುತ್ತಿತ್ತು.

ಅಜ್ಜಿಯದೇ ಕಷ್ಟವಾಗಿದ್ದು. ಊಟ ಹೊರಗಿನಿಂದ ತರಿಸೋಣ, ಅವತ್ತಾದರೂ ಅವರು ಕೂತು ಉಣ್ಣಲಿ ಅಂತ ನಮ್ಮ ಯೋಚನೆ. ಅವರು ಒಪ್ಪಲೇ ಇಲ್ಲ. ತೋಟದವರೊಬ್ಬರು ಕಳಿಸಿದ ಮಾವಿನಕಾಯಿ ತುರಿದು ಚಿತ್ರಾನ್ನ, ಜೊತೆಗೆ ಶಾವಿಗೆ ಪಾಯಸ, ವಡೆ ಎಲ್ಲ ಅವರೇ ಮಾಡಿದರು. ವೇದಿಕೆಗೆ ಕರೆದರೆ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಹತ್ತಿರವೇ ನಿಂತರು. ಕೊನೆಗೆ ಹತ್ತನೇ ತರಗತಿಯ ಇಬ್ಬರು ಹುಡುಗರು ಹೋಗಿ ಕೈ ಹಿಡಿದು ಕರೆತಂದು ಸಾರ್ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯ ತುದಿಯಲ್ಲಿ ಕೂತರು, ಯಾವಾಗ ಬೇಕಾದರೂ ಎದ್ದು ಓಡುವವರ ಹಾಗೆ. ಮೈಕ್ ಕೊಟ್ಟೆವು. ಮನೆಮಾತು ತೆಲುಗು. ತೆಲುಗಿನಲ್ಲೇ ಮಾತಾಡಿ ಅಜ್ಜಿ ಅಂದೆ, ಇಲ್ಲಿ ಯಾರಿಗೆ ತೆಲುಗು ಬರಲ್ಲ ಹೇಳಿ? ಮೈಕನ್ನು ಸೌಟು ಹಿಡಿದ ಹಾಗೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ಆಮೇಲೆ ಕೇಳಿದ್ದು ಒಂದೇ, "ಇವತ್ತು ಎಷ್ಟು ಜನ?"

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ದಿನಾ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅವರು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಕೇಳುತ್ತಿದ್ದ ಮಾತು ಅದು. ಹಾಜರಿ ಗೊತ್ತಾದರೆ ತಲೆಗೆ 150 ಗ್ರಾಂ ಅಕ್ಕಿಯಂತೆ ಅಳತೆ. ನಿನ್ನೆಗಿಂತ ಹತ್ತು ಕಡಿಮೆ ಅಂದರೆ ಯಾಕೆ ಅಂತ ಕೇಳುತ್ತಿದ್ದರು. ಯಾವ ಊರಲ್ಲಿ ಜಾತ್ರೆ, ಯಾವ ಮನೆಯಲ್ಲಿ ಸಾವು, ಯಾವ ತೋಟದಲ್ಲಿ ಕೊಯ್ಲು, ನಮಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು. ಹಿಂದಿನಿಂದ ಯಾರೋ ಹುಡುಗ "ಎಲ್ಲಾರೂ ಬಂದಿದೀವಿ ಅಜ್ಜೀ" ಅಂತ ಕೂಗಿದ. ಸರಿ ಅಂತ ತಲೆಯಾಡಿಸಿ ಮೈಕ್ ವಾಪಸ್ ಕೊಟ್ಟರು.

ಶಾಲಾ ಸುದ್ದಿಯ ಮೂರನೇ ಪುಟದಲ್ಲಿ ಅವರ ಫೋಟೋ ಇತ್ತು, ದೊಡ್ಡ ಪಾತ್ರೆಯ ಮುಂದೆ ನಿಂತಿದ್ದು. ಓದಲು ಬರುವುದಿಲ್ಲ, ಮೊಮ್ಮಗಳ ಹತ್ತಿರ ಓದಿಸಿಕೊಂಡರಂತೆ. ಪ್ರತಿಗೆ ಪ್ಲಾಸ್ಟಿಕ್ ಕವರ್ ಹಾಕಿ ದೇವರ ಫೋಟೋ ಹಿಂದೆ ಸಿಕ್ಕಿಸಿದ್ದಾರೆ ಅಂತ ಆ ಹುಡುಗಿ ಹೇಳಿದಳು.

ಹತ್ತನೇ ತರಗತಿಯವರಿಗೆ ಈ ಸಲ ಗಡಿಯಾರ ಬೇಡ ಅಂತ ಮೊದಲೇ ಹೇಳಿದ್ದೆ. ಎರಡು ಡಜನ್ ಸ್ಟೀಲ್ ಲೋಟ ತಂದುಕೊಟ್ಟರು. ಅಡುಗೆಮನೆಗೆ ನಿಜವಾಗಿ ಬೇಕಾಗಿದ್ದು ಅದು.

ಮೇ 29ಕ್ಕೆ ಶಾಲೆ ಶುರುವಾಯಿತು. ಸಾರ್ ಮೂರು ದಿನ ಬಂದರು. 31ನೇ ತಾರೀಖು ಶನಿವಾರ ಬೆಳಗ್ಗೆಯಿಂದ ಚಾರ್ಜ್ ಕೊಡುವ ಕೆಲಸ. ಪ್ರಭಾರ ತಗೊಳ್ಳುವ ಹಿರಿಯ ಮೇಷ್ಟ್ರು, ನಾನು, ಸ್ಟಾಕ್ ರಿಜಿಸ್ಟರ್. ಬೆಂಚು, ಬೀರು, ಕಂಪ್ಯೂಟರ್, ಬೀಗದ ಕೈ ಗೊಂಚಲು. ಅದರಲ್ಲಿ ಎರಡು ಕೈ ಯಾವ ಬೀಗದ್ದು ಅಂತ ಯಾರಿಗೂ ಗೊತ್ತಿಲ್ಲ, ಆದರೂ ಬರೆದುಕೊಂಡೆವು. ಗೋಡೆ ಗಡಿಯಾರ ಬಂತು. ರಿಜಿಸ್ಟರಿನಲ್ಲಿ ಒಂಬತ್ತು, ಗೋಡೆ ಮೇಲೆ ಹನ್ನೊಂದು. ಈಗ ಏನು ಮಾಡೋದು ಸಾರ್ ಅಂದೆ.

"ಜಾಸ್ತಿ ಇದ್ದರೆ ಆಡಿಟ್‌ನವರು ಕೇಳಲ್ಲಮ್ಮ, ಕಡಿಮೆ ಇದ್ದರೆ ಕೇಳ್ತಾರೆ. ಹನ್ನೊಂದು ಅಂತಲೇ ಬರಿ," ಅಂದರು.

ಸಹಿ ಹಾಕಿದರು. ಎದ್ದು ನಿಂತವರು ಅಂಗಿ ಜೇಬಿಗೆ ಕೈ ಹಾಕಿ, ಇದ್ದ ಸೀಮೆಸುಣ್ಣದ ತುಂಡುಗಳನ್ನು ತೆಗೆದು ರಿಜಿಸ್ಟರ್ ಮೇಲೆ ಇಟ್ಟರು. ನಾಲ್ಕಿದ್ದವು, ಒಂದು ಹಸಿರು.

"ಇದನ್ನೂ ಸ್ಟಾಕ್‌ಗೆ ತಗೊಳ್ರಪ್ಪ."