ಕವಳಿ ಕಾಯಿಯ ಹಾಲು ಬಿಡಿಸುವ ಬಗೆ

ನನ್ನ ತವರು ಕುಮಟೆಯ ಕಡೆ ಬೇಣಗಳಲ್ಲಿ, ಅಂದರೆ ಹುಲ್ಲು ಬೆಳೆಯುವ ಬಯಲುಗಳಲ್ಲಿ, ತಾನಾಗಿ ಬೆಳೆಯುವ ಮುಳ್ಳುಪೊದೆಯ ಹಣ್ಣಿಗೆ ಕರಂಡೆ ಎನ್ನುತ್ತಾರೆ. ಧಾರವಾಡಕ್ಕೆ ಸೊಸೆಯಾಗಿ ಬಂದ ಮೇಲೆ ಅದನ್ನೇ ಕವಳಿ ಎಂದು ಕರೆಯುವುದನ್ನು ಕಲಿತೆ. ಬೇಸಿಗೆ ಮುಗಿಯುವ ಹೊತ್ತಿಗೆ ಕಲಘಟಗಿ, ಅಳ್ನಾವರದ ಕಡೆಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತಂದಾಗ, ಕಪ್ಪಾಗಿ ಮಾಗಿದ ಹಣ್ಣನ್ನು ಮಕ್ಕಳಿಗೆಂದೂ ಹಸಿರು ಕಾಯಿಯನ್ನು ಉಪ್ಪಿನಕಾಯಿಗೆಂದೂ ಬೇರೆ ಬೇರೆಯಾಗಿ ಕೊಳ್ಳಬೇಕು.

ಕಾಯಿಯ ಕಷ್ಟವೆಲ್ಲ ಅದರ ಹಾಲಿನಲ್ಲಿದೆ. ಮದುವೆಯಾದ ವರ್ಷ ನಾನು ಬರಿಗೈಯಲ್ಲಿ ಕಾಯಿ ಹೆಚ್ಚಲು ಕುಳಿತು, ಬೆರಳಿಗೆ ಬೆರಳು ಅಂಟಿ, ಈಳಿಗೆಯ ಮೇಲೆ ಬಿಳಿ ಅಂಟು ಕಪ್ಪಾಗಿ ಕಟ್ಟಿಕೊಂಡು, ಸಾಬೂನಿನಿಂದ ಎಷ್ಟು ತಿಕ್ಕಿದರೂ ಹೋಗದೆ ಅಳುಮುಖ ಮಾಡಿದ್ದೆ. ಅತ್ತೆಯವರು ನಗುತ್ತಲೇ ಶೇಂಗಾ ಎಣ್ಣೆ ಸವರಿ ಬಿಡಿಸಿದರು. ಅಂದಿನಿಂದ ಕೈಗೂ ಈಳಿಗೆಗೂ ಮೊದಲೇ ಎಣ್ಣೆ ಸವರುತ್ತೇನೆ, ತೊಟ್ಟು ತೆಗೆದು ಸೀಳಿದ ಕಾಯಿಯನ್ನು ಕೂಡಲೇ ಉಪ್ಪುನೀರಿಗೆ ಹಾಕುತ್ತೇನೆ. ಅರ್ಧ ಗಂಟೆಯ ನಂತರ ಆ ನೀರನ್ನು ಚೆಲ್ಲಿ, ಬೀಜ ತೆಗೆದು, ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸುತ್ತೇನೆ. ಉಪ್ಪಿನಕಾಯಿ ಹಾಕುವಾಗ ಕಿಲೋ ಕಾಯಿಗೆ ಸುಮಾರು 200 ಗ್ರಾಂ ಉಪ್ಪು ಸಾಕು. ಹುಳಿ ಬಹಳವಾದ್ದರಿಂದ ಅಲ್ಯುಮಿನಿಯಂ ಪಾತ್ರೆಯನ್ನಾಗಲಿ ಕಲಾಯಿ ಇಲ್ಲದ ಹಿತ್ತಾಳೆಯನ್ನಾಗಲಿ ಬಳಸಬಾರದು. ಪಿಂಗಾಣಿ ಭರಣಿಯೇ ಮೇಲು.

ಗುಳಂಬ, ಅಂದರೆ ಜಾಮಿನಂಥ ಸಿಹಿ ಪಾಕ, ಮಾಡುವವರು ಪೂರ್ತಿ ಮಾಗಿದ ಹಣ್ಣಿಗೆ ಆಸೆಪಡದೆ, ಕೆಂಪು ತಿರುಗಿದ ಅರೆಮಾಗಿದ ಕಾಯಿಯನ್ನೇ ಹೆಚ್ಚಾಗಿ ಸೇರಿಸಬೇಕು, ಏಕೆಂದರೆ ಪಾಕವನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಅದರಲ್ಲಿಯೇ ಹೆಚ್ಚು. ಬೇಯಿಸಿ ಸೋಸಿದ ರಸಕ್ಕೆ ಸಮ ಅಳತೆಯ ಬೆಲ್ಲ ಹಾಕಿ ಕುದಿಸಿ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟಾಗ ಕರಗದೆ ಮುದ್ದೆಯಾಗಿ ತಳ ಸೇರಿದರೆ ಒಲೆ ಆರಿಸಬಹುದು. ಸಕ್ಕರೆ ಹಾಕಿದರೆ ಬಣ್ಣ ಚೆಂದ, ರುಚಿ ಮಾತ್ರ ಬೆಲ್ಲದ್ದೇ ಎಂಬುದು ನನ್ನ ಹಟ. ರಸ ಬಟ್ಟೆಗೆ ಬಿದ್ದರೆ ಒಣಗಲು ಬಿಡದೆ ತಣ್ಣೀರಿನಲ್ಲಿ ಒಗೆಯಬೇಕು.

ಕವಳಿಯು ಕಣಗಿಲೆಯ ಕುಟುಂಬದ ಗಿಡ; ಕಣಗಿಲೆಯೋ ವಿಷ. ಆದ್ದರಿಂದ ಹಾಲು ಒಸರುವ ಕಾಡುಕಾಯಿಯನ್ನೆಲ್ಲ ಕವಳಿಯೆಂದು ಭಾವಿಸಿ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಹಿತ್ತಲಿದ್ದವರು ಮಾಗಿದ ಹಣ್ಣಿನ ಬೀಜವನ್ನು ತೊಳೆದು ಹಸಿಯಾಗಿರುವಾಗಲೇ ಬೇಲಿಯ ಸಾಲಿಗೆ ಊರಬಹುದು. ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿಟ್ಟ ಬೀಜ ಹುಟ್ಟುವುದು ಕಡಿಮೆ.