ಹಳೆಯ ಹೋಂಡಾ ಸಿಟಿ ಕಾರಿನ ಮೇಲೆ ಮರದ ಕೊಂಬೆ ಬಿದ್ದಾಗ ವಿಮೆಯ ಹಣ ಪಡೆದ ಬಗೆ: ನನ್ನ ಅನುಭವ

ಹದಿನೈದು ವರ್ಷ ದಾಟಿದ ಕಾರಿಗೆ ಇತರರಿಗಾದ ನಷ್ಟ ತುಂಬುವ ಥರ್ಡ್ ಪಾರ್ಟಿ ವಿಮೆ ಸಾಕು, ನಮ್ಮ ಕಾರಿಗಾದ ಹಾನಿ ತುಂಬುವ ಓನ್ ಡ್ಯಾಮೇಜ್‌ಗೆ ಕಟ್ಟುವುದು ದಂಡ ಎಂದು ನಮ್ಮ ಹಳೆ ಕಾರುಗಳ ಬಳಗದಲ್ಲಿ ಹೇಳದವರಿಲ್ಲ. ನನ್ನ 2001ರ ಹೋಂಡಾ ಸಿಟಿ 1.5 ವಿಟೆಕ್‌ಗೆ ಐಡಿವಿ, ಅಂದರೆ ಪಾಲಿಸಿಯಲ್ಲಿ ನಮೂದಿಸುವ ಕಾರಿನ ಬೆಲೆ, ಏರಿಸಿಕೊಳ್ಳುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಮುಂಗಾರು ಪೂರ್ವ ಮಳೆಯಲ್ಲಿ ಮಲ್ಲೇಶ್ವರದ ರಸ್ತೆ ಬದಿಯ ಮರದ ಕೊಂಬೆಯೊಂದು ಅದರ ಮೇಲೆ ಮುರಿದುಬಿದ್ದು, ಒಂದು ಲಕ್ಷದ ಹದಿನೇಳು ಸಾವಿರ ಚಿಲ್ಲರೆ ನನ್ನ ಖಾತೆಗೆ ಬಂದ ಮೇಲೆ ಅವರಲ್ಲಿ ಕೆಲವರು ವಿವರ ಕೇಳತೊಡಗಿದ್ದಾರೆ. ಆದ್ದರಿಂದ ಈ ಬರಹ.

ಪಂದ್ಯ ಶುರುವಾಗುವುದು ಅಪಘಾತದ ದಿನವಲ್ಲ, ನವೀಕರಣದ ದಿನ. ಐದು ವರ್ಷದವರೆಗೆ ಐಡಿವಿಗೆ ಸವಕಳಿಯ ಕೋಷ್ಟಕವಿದೆ. ಐದು ದಾಟಿದ ಮೇಲೆ ಕಂಪನಿ ಮತ್ತು ಮಾಲೀಕರು ಒಪ್ಪಿಕೊಂಡ ಮೊತ್ತವೇ ಐಡಿವಿ. ಆದರೆ ಆನ್‌ಲೈನ್ ಪುಟ ತನ್ನಷ್ಟಕ್ಕೆ ಅರವತ್ತು ಸಾವಿರದ ಆಸುಪಾಸು ತೋರಿಸುತ್ತದೆ, ನಾವು ಕಣ್ಣು ಮುಚ್ಚಿ ಒತ್ತಿಬಿಡುತ್ತೇವೆ. ರಿಪೇರಿ ವೆಚ್ಚ ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್ (ಪೂರ್ಣ ನಷ್ಟ) ಎನ್ನುವ ನಿಯಮವಿರುವಾಗ, ಅರವತ್ತು ಸಾವಿರದ ಕಾರಿಗೆ ನಲವತ್ತೈದು ಸಾವಿರ ದಾಟುವ ಕೆಲಸ ಬಂದರೆ ಗಾಡಿ ಕಾಗದದಲ್ಲಿ ಸತ್ತಂತೆಯೇ. ಈ ಕಾಲದಲ್ಲಿ ಎರಡು ಡೋರು ಮತ್ತು ಪೇಂಟಿಗೇ ಅಷ್ಟಾಗುತ್ತದೆ.

ಐಡಿವಿ ಏರಿಸಿ ಎಂದು ಮೊದಲು ಕೇಳಿದ ಕಂಪನಿ, ತನ್ನ ಸಿಸ್ಟಮ್ ಒಪ್ಪುವುದಿಲ್ಲ ಎಂದಿತು. ಮರುವರ್ಷ ಇನ್ನೊಂದು ಕಂಪನಿ ಬಹಳ ಹಗ್ಗಜಗ್ಗಾಟದ ನಂತರ ಒಂದು ಲಕ್ಷ ಇಪ್ಪತ್ತರ ತನಕ ಬಂದು ನಿಂತಿತು. ಮೂರನೆಯದು ಕಾರನ್ನು ಪರೀಕ್ಷಿಸಲು ಮನುಷ್ಯನನ್ನು ಕಳುಹಿಸಿದಾಗ ನಾನು ಬಾಯಿಮಾತಿಗೆ ಹೋಗದೆ ಕಡತ ಮುಂದಿಟ್ಟೆ: ನವೀಕರಿಸಿದ ಆರ್‌ಸಿ, ಪರವಾನಗಿ ಇರುವ ಮೌಲ್ಯಮಾಪಕರ ಸಹಿಮೊಹರಿನ ವರದಿ, ಸಸ್ಪೆನ್ಷನ್‌ನಿಂದ ವೈರಿಂಗ್‌ವರೆಗೆ ಮಾಡಿಸಿದ ಕೆಲಸಗಳ ಜಿಎಸ್‌ಟಿ ಬಿಲ್ಲುಗಳು, ಇದೇ ಮಾದರಿಯ ಚೆನ್ನಾಗಿಟ್ಟ ಕಾರುಗಳು ಕೈಬದಲಾದ ಬೆಲೆಯ ದಾಖಲೆ. ಎರಡು ಲಕ್ಷ ಇಪ್ಪತ್ತೈದು ಸಾವಿರಕ್ಕೆ ಒಪ್ಪಿಗೆ ಬಂತು. ಆ ಮೌಲ್ಯಮಾಪಕರನ್ನು ಹೇಗೆ ಹುಡುಕಿದೆ ಮತ್ತು ಕಂಪನಿಯಲ್ಲಿ ಯಾವ ಹಂತದ ಅಧಿಕಾರಿಗೆ ಪತ್ರ ಬರೆದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಏರಿಸಿದ್ದಕ್ಕೆ ತೆತ್ತದ್ದೆಷ್ಟು ಎಂದರೆ, ಬೆಂಗಳೂರಿನಲ್ಲಿ ಹತ್ತು ವರ್ಷ ದಾಟಿದ 1500 ಸಿಸಿ ಒಳಗಿನ ಕಾರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನ ಹಳೆಯ ಟ್ಯಾರಿಫ್ ದರ ಐಡಿವಿಯ ಸುಮಾರು ಮೂರೂವರೆ ಪರ್ಸೆಂಟ್. ಅರವತ್ತು ಸಾವಿರದ ಮೇಲಿನ ಹೆಚ್ಚುವರಿ ಒಂದು ಲಕ್ಷ ಅರವತ್ತೈದು ಸಾವಿರಕ್ಕೆ ಐದೂಮುಕ್ಕಾಲು ಸಾವಿರ; ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ಶೇ. 50 ಎನ್‌ಸಿಬಿ ಕಳೆದು ತೆರಿಗೆ ಸೇರಿಸಿದರೆ ಮೂರೂವರೆ ಸಾವಿರದೊಳಗೆ ಮುಗಿಯಿತು. ಅದನ್ನೂ ಉಳಿಸೋಣವೆಂದು ಒಂದು ವರ್ಷ ಹದಿನೈದು ಸಾವಿರದ ವಾಲಂಟರಿ ಡಿಡಕ್ಟಿಬಲ್ (ಕ್ಲೇಮ್ ಬಂದಾಗ ಅಷ್ಟು ಹಣ ನಾವೇ ಭರಿಸುವ ಒಪ್ಪಂದ) ತೆಗೆದುಕೊಂಡು ನೋಡಿದ್ದೆ. ಅದರ ರಿಯಾಯಿತಿಗೆ 2,500 ರೂಪಾಯಿಯ ಮಿತಿ ಇದೆ, ಅಷ್ಟಕ್ಕೆ ಹದಿನೈದು ಸಾವಿರದ ಹೊರೆ ಹೊರುವುದು ಯಾವ ಲೆಕ್ಕಕ್ಕೂ ಸರಿಹೋಗದೆ ಮರುವರ್ಷ ಕೈಬಿಟ್ಟೆ.

ಇನ್ನು ಕೊಂಬೆ ಬಿದ್ದದ್ದು. ಮುಂದಿನ ಮತ್ತು ಹಿಂದಿನ ಗಾಜು ಪುಡಿ, ಬಾನೆಟ್ ಮಡಚಿತ್ತು, ಎಡ ಫೆಂಡರ್ ಹೋಗಿತ್ತು, ರೂಫ್ ನಡುವೆ ಅಂಗೈ ಆಳ ಕುಸಿದಿತ್ತು. ರೂಫ್ ಹೊರುವ ಪಿಲ್ಲರ್‌ಗಳು ಮಾತ್ರ ನೆಟ್ಟಗಿದ್ದವು. ದೊಡ್ಡ ವರ್ಕ್‌ಶಾಪಿನ ಎಸ್ಟಿಮೇಟ್ ರೂಫ್ ಸಹಿತ ಎಲ್ಲವನ್ನೂ ಹೊಸದಾಗಿ ಹಾಕುವ ಲೆಕ್ಕದಲ್ಲಿ ಎರಡು ಲಕ್ಷ ದಾಟಿತು. ಐಡಿವಿಯ ಶೇ. 75ರಂತೆ ನನ್ನ ಗಡಿ ಒಂದು ಲಕ್ಷ ಅರವತ್ತೆಂಟು ಸಾವಿರ ಚಿಲ್ಲರೆ. ನಷ್ಟ ಅಳೆಯಲು ಕಂಪನಿ ಕಳುಹಿಸಿದ ಸರ್ವೇಯರ್ ಟೋಟಲ್ ಲಾಸ್ ಎಂದರು. ಅಷ್ಟೇ ಅಲ್ಲ, ಈ ಕಾರಿಗೆ ಮಾರುಕಟ್ಟೆಯಲ್ಲಿ ಒಂದು ಲಕ್ಷ ಹತ್ತು ಸಾವಿರಕ್ಕಿಂತ ಹೆಚ್ಚು ಹುಟ್ಟುವುದಿಲ್ಲ, ಅದರಲ್ಲಿ ಸಾಲ್ವೇಜ್ (ಮುರಿದ ಗಾಡಿಯ ಗುಜರಿ ಬೆಲೆ) ಕಳೆದು ಕೊಡುತ್ತೇವೆ ಎಂದೂ ಹೇಳಿದರು. ಪಾಲಿಸಿಯಲ್ಲೇ ಅಚ್ಚಾಗಿರುವ ವಾಕ್ಯಕ್ಕೆ ಗೆರೆ ಎಳೆದು ಮೇಲ್ ಮಾಡಿದೆ: ಟೋಟಲ್ ಲಾಸ್ ಸಂದರ್ಭದಲ್ಲಿ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಎಂದು ಪರಿಗಣಿಸಬೇಕು, ಪಾಲಿಸಿ ಅವಧಿಯಲ್ಲಿ ಮತ್ತೆ ಸವಕಳಿ ಕಳೆಯುವಂತಿಲ್ಲ. ಒಂದು ಲಕ್ಷ ಹತ್ತರ ಮಾತು ಅಲ್ಲಿಗೆ ನಿಂತಿತು.

ಆದರೆ ನನಗೆ ಬೇಕಿದ್ದದ್ದು ಕಾರು, ಅಂದರೆ ರಿಪೇರಿಯ ಕ್ಲೇಮ್. ಅದರಲ್ಲಿ ಹತ್ತು ವರ್ಷ ದಾಟಿದ ಗಾಡಿಯ ಹೊಸ ತಗಡಿನ ಭಾಗಗಳ ಬೆಲೆಗೆ ಸವಕಳಿ ಎಂದು ಅರ್ಧ, ರಬ್ಬರ್ ಪ್ಲಾಸ್ಟಿಕ್ಕಿಗೂ ಅರ್ಧ ಕಡಿತ. ಗಾಜಿಗೆ ಕಡಿತವಿಲ್ಲ, ಕೂಲಿಗೂ ಇಲ್ಲ. ಪೇಂಟ್ ಬಿಲ್ ಒಟ್ಟಾಗಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧವನ್ನು ಮಾತ್ರ ಕಳೆಯುತ್ತಾರೆ. ಹೊಸ ತಗಡು ಹಾಕಿಸಿದಷ್ಟೂ ನಮ್ಮ ಕಿಸೆಗೆ ಕತ್ತರಿ, ಇರುವ ತಗಡನ್ನೇ ನುರಿತ ಕೈಯಲ್ಲಿ ತಟ್ಟಿಸಿದಷ್ಟೂ ಕಂಪನಿಯ ಪಾಲು ಹೆಚ್ಚು. ನನ್ನ ಇಡೀ ವಿಧಾನ ಇಷ್ಟೇ.

ಕಾರನ್ನು ಎತ್ತಿಸಿ, ಜಿಎಸ್‌ಟಿ ಇರುವ ಆದರೆ ತಗಡು ತಟ್ಟುವ ಹಳೆಯ ಕಾಲದ ಡೆಂಟರ್ ಉಳಿದಿರುವ ಒಂದು ಗ್ಯಾರೇಜಿಗೆ ಹಾಕಿದೆ. ಹೊಸ ಎಸ್ಟಿಮೇಟ್ ನೆನಪಿನಿಂದ ಹೀಗಿತ್ತು: ಜೆ.ಸಿ. ರಸ್ತೆಯಿಂದ ತರಿಸಿದ ಎರಡೂ ಗಾಜು ಹತ್ತೊಂಬತ್ತು ಸಾವಿರ, ಬಾನೆಟ್ ಮತ್ತು ಫೆಂಡರ್ ಇಪ್ಪತ್ತಾರು, ಬೀಡಿಂಗ್ ಗ್ರಿಲ್ ಇತ್ಯಾದಿ ಹದಿನಾಲ್ಕು, ಕೂಲಿ ನಲವತ್ತಾರು, ಪೇಂಟ್ ನಲವತ್ತನಾಲ್ಕು. ಒಟ್ಟು ಒಂದು ಲಕ್ಷ ನಲವತ್ತೊಂಬತ್ತು, ಅಂದರೆ ಗಡಿಯೊಳಗೆ. ಕೂಲಿಯನ್ನು ಒಂದೇ ಸಾಲಿನಲ್ಲಿ ಬರೆಯದೆ ಸೀಟು ಬಿಚ್ಚುವುದು, ಹೆಡ್‌ಲೈನರ್ (ರೂಫಿನ ಒಳಹೊದಿಕೆ) ಇಳಿಸುವುದು, ರೂಫಿನ ಅಡ್ಡಪಟ್ಟಿ ಬಿಡಿಸಿ ಕೂರಿಸುವುದು, ಗಾಜು ಅಂಟಿಸುವುದು ಎಂದು ಬಿಡಿಬಿಡಿಯಾಗಿ ಬರೆಸಿದೆ. ಸರ್ವೇಯರ್ ಕೂಲಿಯಲ್ಲಿ ಐದು ಸಾವಿರ ಕಡಿದರು, ಕಡ್ಡಾಯ ಡಿಡಕ್ಟಿಬಲ್ ಸಾವಿರ ಹೋಯಿತು. ಕಿಸೆಯಿಂದ ನಾನು ಕೊಟ್ಟದ್ದು ಮೂವತ್ತೆರಡು ಸಾವಿರದ ಹತ್ತಿರ.

ಇದರ ನಡುವೆ ಶಿವಾಜಿನಗರದಲ್ಲಿ ಗುಜರಿಗೆ ಬಂದ ಸಿಟಿಯೊಂದರ ರೂಫನ್ನು ಒಂಬತ್ತು ಸಾವಿರಕ್ಕೆ ಕತ್ತರಿಸಿ ತರಿಸಿದ್ದೂ ಉಂಟು. ಅದಕ್ಕೆ ಜಿಎಸ್‌ಟಿ ಬಿಲ್ ಸಿಗದೆ ಸರ್ವೇಯರ್ ಲೆಕ್ಕಕ್ಕೆ ಹಿಡಿಯಲಿಲ್ಲ. ಡೆಂಟರ್ ಸಹ ಪಿಲ್ಲರಿಗೆ ಗ್ಯಾಸ್ ಕಟರ್ ತಾಗಿಸಲು ಒಪ್ಪಲಿಲ್ಲ. ಅವರು ಹಳೆಯ ರೂಫನ್ನೇ ಒಳಗಿನಿಂದ ಮರದ ಕೊಡತಿಯಲ್ಲಿ ಮೆಲ್ಲಗೆ ಎತ್ತಿದರು. ಹಿಗ್ಗಿದ ತಗಡು ಎಣ್ಣೆ ಡಬ್ಬದ ತಳದ ಹಾಗೆ ಟಪ್ಪೆಂದು ಒಳಗೂ ಹೊರಗೂ ಆಡುತ್ತಿದ್ದಾಗ, ರೂಪಾಯಿ ಅಗಲದ ಜಾಗವನ್ನು ಟಾರ್ಚಿನಿಂದ ಕೆಂಪಗೆ ಕಾಯಿಸಿ, ಕೆಳಗೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಕೊಟ್ಟು ಸುತ್ತಲೂ ಬಡಿದು, ತಕ್ಷಣ ಒದ್ದೆ ಬಟ್ಟೆ ಒತ್ತುತ್ತಿದ್ದರು. ಪ್ರತಿ ಬಾರಿಯೂ ಆ ಸಡಿಲ ಸ್ವಲ್ಪ ಕುಗ್ಗುತ್ತಿತ್ತು. ಪುಟ್ಟಿ ಎಲ್ಲಿಯೂ ದಪ್ಪವಾಗಿ ಬಿದ್ದಿಲ್ಲ ಎಂಬುದನ್ನು ದಪ್ಪ ಅಳೆಯುವ ಗೇಜ್ ಇಟ್ಟು ನೋಡಿಕೊಂಡಿದ್ದೇನೆ.

ಹಣಕ್ಕಾಗಿ ಎರಡು ತಿಂಗಳ ಮಟ್ಟಿಗೆ ಕಾಯಬೇಕಾಯಿತು. ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್‌ಗೆ ಅರ್ಜಿ ಬರೆದಿಟ್ಟಿದ್ದೆ, ಅಲ್ಲಿ ಶುಲ್ಕವೂ ಇಲ್ಲ. ಕೊಡುವ ಪ್ರಸಂಗ ಬರಲಿಲ್ಲ.

ಎನ್‌ಸಿಬಿ ಸೊನ್ನೆಗೆ ಇಳಿದಿದೆ. ಅದು ಮತ್ತೆ ಐವತ್ತಕ್ಕೆ ಏರುವ ತನಕ ಆಗುವ ನಷ್ಟವನ್ನು ಟ್ಯಾರಿಫ್ ದರದಲ್ಲಿ ಕೂಡಿದರೆ ಹತ್ತು ಸಾವಿರದಷ್ಟಾಗುತ್ತದೆ. ಆದ್ದರಿಂದ ಅದಕ್ಕಿಂತ ಕಡಿಮೆಯ ಬಂಪರ್ ಗೀರಿಗೆಲ್ಲ ನಾನು ಕ್ಲೇಮ್ ಹಾಕುವುದಿಲ್ಲ. ಈ ಸಲದ ನವೀಕರಣಕ್ಕೆ ರಿಪೇರಿಯ ಬಿಲ್ಲುಗಳನ್ನೂ ಹೊಸ ಮೌಲ್ಯಮಾಪನ ವರದಿಯನ್ನೂ ಜೋಡಿಸಿ ಎರಡು ಲಕ್ಷ ನಲವತ್ತು ಸಾವಿರ ಕೇಳಿದ್ದೇನೆ; ಕಂಪನಿ ಎರಡು ಲಕ್ಷ ಮೂವತ್ತಕ್ಕೆ ಬಂದಿದೆ.